ಪೂಜ್ಯ

ಈರಿ ಸರೋವರದ ದಂಡೆಯ ಊರಲ್ಲಿ
ಮೂವತ್ತೊಂದು ವರ್ಷ ವಿಮಾ ಕಂಪನಿಗೆ
ಸಾವಿನ ಸರಾಸರಿ ತೆಗೆದುಕೊಟ್ಟವಳು ಲೋರ್ನಾ ವಸಿಲ್ಕೊ.
ನಿವೃತ್ತಿಯ ಮಾರನೆಯ ದಿನವೇ
ಅಡುಗೆಮನೆಯ ಮೇಜಿನ ತುಂಬ ಬೇಸ್‌ಬಾಲ್ ಹರವಿಕೊಂಡಳು.
ಹಠ ಒಂದೇ:
ಇದುವರೆಗೆ ಆಟಗಾರನೊಬ್ಬ ಆಡಿದ ಸೀಸನ್‌ಗಳಲ್ಲಿ
ಎಲ್ಲಕ್ಕೂ ದೊಡ್ಡದು ಯಾವುದು?

ಬಾರಿನಲ್ಲಿ ಕೇಳಿದರೆ ಹತ್ತು ಜನ, ಹನ್ನೊಂದು ಹೆಸರು.
ಅವಳು ಬಾರಿಗೆ ಹೋಗುವವಳಲ್ಲ.

ಗಾಳಿ ಹೊರಕ್ಕೆ ಬೀಸುವ ಮೈದಾನದಲ್ಲಿ ಹೊಡೆದ ಚೆಂಡಿನಿಂದ
ಗಾಳಿಯ ಪಾಲು ಕಳೆದಳು.
ಬೇಲಿ ಹತ್ತಿರವಿದ್ದಲ್ಲಿ ಬೇಲಿಯ ಪಾಲು.
ಒಳ್ಳೆಯ ಪಿಚರುಗಳೆಲ್ಲ ಯುದ್ಧಕ್ಕೆ ಹೋಗಿದ್ದ ವರ್ಷಗಳಿಂದ
ಯುದ್ಧದ ಪಾಲು. ಇಲ್ಲಿ ಕೈ ಒಂದು ಗಳಿಗೆ ತಡೆಯಿತು.
ಆಮೇಲೆ ಕಳೆದಳು.
ಮುಂದೆ ಬೇಸಿನ ಮೇಲೆ ನಿಂತವರ ಪುಣ್ಯ,
ಹಿಂದೆ ಓಡಿ ಚೆಂಡು ಹಿಡಿದವರ ಪುಣ್ಯ,
ಅಂಪೈರನ ಅಂದಿನ ಹೊಟ್ಟೆನೋವು
ಎಲ್ಲ ಜರಡಿ ಹಿಡಿದ ಮೇಲೆ
ಉಳಿದದ್ದು ಮನುಷ್ಯನಿಗೊಂದು ಸಂಖ್ಯೆ,
ತೊಳೆದಿಟ್ಟ ಚಮಚದ ಹಾಗೆ.

ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ೦.೧.
ಒಂದು ಗೆಲುವಿನ ಹತ್ತನೇ ಒಂದು ಪಾಲು;
ಒಬ್ಬ ಪಕ್ಕಕ್ಕೆ ತಿರುಗಿ ಉಗುಳುವಷ್ಟು ಹೊತ್ತು.

ಆದರೆ ಎತ್ತರ ಅಳೆಯಲು ನೆಲ ಬೇಕಲ್ಲ.
ಲೆಕ್ಕದವರು ಅದಕ್ಕೆಂದೇ ಒಬ್ಬನನ್ನು ಕಲ್ಪಿಸಿಕೊಂಡಿದ್ದಾರೆ:
ಯಾರಾದರೂ ಕಾಲು ಮುರಿದುಕೊಂಡ ದಿನ
ಫೋನು ಮಾಡಿದರೆ ರಾತ್ರಿ ಬಸ್ಸಿಗೆ ಬರುವವನು.
ಬದಲಿಯವನು.
ಹೆಸರಿಲ್ಲ, ಅಂಗಿಯ ಬೆನ್ನಿಗೆ ನಂಬರಿಲ್ಲ.
ಇವನಿಗಿಂತ ಇಷ್ಟು ಮೇಲೆ, ಇವನಿಗಿಂತ ಅಷ್ಟು ಮೇಲೆ
ಎಂದೇ ಮಹಾಮಹಿಮರ ಅಳತೆ.
ಅವನದು ಸೊನ್ನೆ.
ನಮ್ಮ ಹಳೆಯ ಲೆಕ್ಕದ ಮೇಷ್ಟರ ಮಾತಿನಲ್ಲಿ, ಪೂಜ್ಯ.

ನವೆಂಬರಿನ ಒಂದು ರಾತ್ರಿ ಪಟ್ಟಿಯನ್ನು
ತಲೆಯಿಂದ ಬಿಟ್ಟು ಕಾಲಿನಿಂದ ಓದತೊಡಗಿದಳು.
ಡ್ಯೂಯಿ ಕ್ರಾಂಟ್ಸ್. ಒಂದೇ ಸೀಸನ್, ಅರವತ್ತೊಂದು ಆಟ.
೦.೦.
ಅನುಮಾನ ಬಂದು ದಶಾಂಶ ಹಿಗ್ಗಿಸಿದಳು:
ಸೊನ್ನೆ, ಸೊನ್ನೆ, ಸೊನ್ನೆ, ಮತ್ತೆ ಸೊನ್ನೆ.
ಇಡೀ ನೌಕರಿಯಲ್ಲಿ ಸರಾಸರಿ ಮನುಷ್ಯನನ್ನು
ಒಮ್ಮೆಯೂ ಕಣ್ಣಾರೆ ಕಂಡವಳಲ್ಲ.
ವಿಳಾಸ ಹುಡುಕಿದರೆ, ನಾಲ್ಕೇ ಮೈಲಿ.

ಹೋಗಲು ಧೈರ್ಯ ಬರುವಷ್ಟರಲ್ಲಿ ಫೆಬ್ರವರಿ.
ಕೊಲ್ಲಿಯ ನೀರು ಕಲ್ಲಾಗಿತ್ತು.
ಅದರ ಮೇಲೊಂದು ತಗಡಿನ ಗೂಡು, ಗೂಡಿನೊಳಗೆ ಮುದುಕ,
ಅವನ ಬೂಟುಗಳ ನಡುವೆ ಹಿಮ ಕೊರೆದ ತೂತು,
ತಟ್ಟೆಯಗಲ ಕಪ್ಪು ನೀರು, ಅದರಲ್ಲಿ ಗಾಳ.

ಅವಳು ಸಂಕೋಚದಿಂದಲೇ ಹೇಳಿದಳು.
ಅವನು ನಕ್ಕ ರಭಸಕ್ಕೆ ಸ್ಟೂಲು ಜಾರಿತು.
"ನನ್ನ ಹೆಂಡತಿ ಇದನ್ನೇ ಪೆನ್ಸಿಲಿಲ್ಲದೆ ಹೇಳಿದ್ದಳು."

ಆಮೇಲೆ ಬಹಳ ಹೊತ್ತು ಗಾಳವನ್ನೇ ನೋಡಿದ.

"ಆಗಸ್ಟ್ ಹದಿನಾಲ್ಕು. ಎರಡು ಹೋಮ್ ರನ್ ಹೊಡೆದೆ.
ಎರಡನೆಯದು ಸ್ಕೋರ್‌ಬೋರ್ಡಿನ ಗಡಿಯಾರಕ್ಕೆ ಬಿದ್ದು
ನಿಮಿಷದ ಮುಳ್ಳು ಬಾಗಿತ್ತು.
ನಾಲ್ಕನೇ ಇನ್ನಿಂಗ್ಸಿಗೆ ಮಳೆ. ಎಲ್ಲರೂ ಮನೆಗೆ.
ಅದು ಸೇರಿದೆಯಾ?"

"ಇಲ್ಲ. ಐದು ಮುಗಿಯದ ಆಟ ಆಟವಲ್ಲ."

"ಸೇರಿಸಬೇಡಮ್ಮ ಮತ್ತೆ," ಎಂದ, "ಸೊನ್ನೆ ಕೆಟ್ಟೀತು.
ಪಾಪ, ಮೇಲಿನವರೆಲ್ಲ ಒಂದೊಂದು ಕೂದಲೆಳೆ ಕುಗ್ಗುತ್ತಾರೆ."

ಹೊರಡುವಾಗ ಎರಡು ಪರ್ಚ್ ಮೀನು ಕೊಟ್ಟ.
ಸುತ್ತಲು ಕಾಗದ ಬೇಕಿತ್ತು.
ಅವಳ ಬಳಿ ಇದ್ದದ್ದು ಪಟ್ಟಿಯ ಮೊದಲ ಪುಟ.

ಮನೆಗೆ ಬಂದು ಬಿಚ್ಚಿದರೆ
ಒಂದರಿಂದ ಒಂಬತ್ತರವರೆಗೆ ಶಾಯಿ ಕದಡಿ ಹರಿದಿದೆ,
ಹತ್ತನೆಯವನ ಹೆಸರಿಗೆ ಅಂಟಿದ ಮೀನಿನ ಪೊರೆ
ದೀಪಕ್ಕೆ ಹೊಳೆಯುತ್ತಿದೆ.
ಅವಳು ಕೊನೆಯ ಪುಟ ತೆಗೆದಳು.
ಕಾಲಮ್ಮಿನ ಗೆರೆಯ ಆಚೆ, ಬರಿಯ ಬಿಳಿಯಲ್ಲಿ,
ಪೆನ್ಸಿಲಿನಿಂದ ಬರೆದಳು: ಆಗಸ್ಟ್ ೧೪. ಎರಡು. ಮಳೆ.

ಕೂಡಿಸಲಿಲ್ಲ.
ಬಾಣಲೆಯಲ್ಲಿ ಬೆಣ್ಣೆ ಸೀಯುವ ವಾಸನೆ ಬಂತು, ಎದ್ದಳು.